ಗದ್ದೆ ಸೀರೆಯ ಕೌದಿ: ಊರಿನ ಹೆಂಗಸರು ಸೇರಿ ಹೊಲಿಯುವುದು ಹೇಗೆ

ಊರಿನ ಹೆಂಗಸರೆಲ್ಲ ಸೇರಿ ಒಂದು ಕೌದಿ ಹೊಲಿಯೋಣ, ಅದರಲ್ಲಿ ನಮ್ಮ ಗದ್ದೆ-ತೋಟದ ಕೆಲಸ ಕಾಣಲಿ ಅಂತ ಯಾರಾದರೂ ಮಾತು ತೆಗೆದರೆ ಮೊದಲು ಆಗುವುದು ಒಂದೇ. ಇಬ್ಬರು ಪೇಟೆಗೆ ಹೋಗಿ ಹೊಸ ಬಟ್ಟೆ ತರುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅಡಿಕೆ ಸುಲಿಯುವಾಗ ಉಟ್ಟ ಸೀರೆ, ಗೇರುಬೀಜ ಹೆಕ್ಕುವಾಗ ಮೇಲೆ ಹಾಕಿಕೊಂಡ ಗಂಡನ ಹಳೇ ಅಂಗಿ, ನಾಟಿ ದಿನ ಸೊಂಟಕ್ಕೆ ಬಿಗಿದ ಟವೆಲ್ ಎಲ್ಲರ ಮನೆಯಲ್ಲೂ ಇವೆ. ಕೃಷಿಯ ಕೌದಿ ಇವುಗಳಿಂದಲೇ ಆಗಬೇಕು. ಚಿತ್ರ, ಕಸೂತಿ ಎಲ್ಲ ಆಮೇಲಿನ ಮಾತು. ಕೆಲಸದ ಬಟ್ಟೆ ಸೇರಿದರೆ ಅರ್ಧ ಕೌದಿ ಆದ ಹಾಗೆಯೇ.

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಇದನ್ನು ಒಂದೇ ರೀತಿ ಹೊಲಿಯುವುದಿಲ್ಲ. ಹಳಿಯಾಳ, ಮುಂಡಗೋಡ ಕಡೆ ಬಯಲುಸೀಮೆಯ ಕೌದಿ. ಕರಾವಳಿಯ ಕೊಂಕಣಿ ಮನೆಗಳಲ್ಲಿ ವಾಕಳ. ಯಲ್ಲಾಪುರ, ಹಳಿಯಾಳದ ಕಾಡಂಚಿನ ಸಿದ್ದಿಯರಲ್ಲಿ ಕವಂದಿ. ಇಲ್ಲಿ ಮುಖ್ಯವಾಗಿ ಹೇಳುತ್ತಿರುವುದು ಚೌಕಗಳನ್ನು ಜೋಡಿಸಿ ಮಾಡುವ ಕೌದಿ. ದಿನಾ ಒಂದೆಡೆ ಸೇರಲಾಗದ ಹೆಂಗಸರಿಗೆ ಅದೇ ಸರಿಹೊಂದುತ್ತದೆ. ಅವರವರ ಚೌಕ ಅವರವರ ಮನೆಯಲ್ಲಿ, ಕೊನೆಯ ಹೊಲಿಗೆ ಮಾತ್ರ ಎಲ್ಲರೂ ಕೂತು. ಕವಂದಿಯ ದಾರಿ ಬೇರೆ. ಅದನ್ನೂ ಮುಂದೆ ಹೇಳುತ್ತೇನೆ.

ಮಳೆ ನೋಡಿ ದಿನ ಹಿಡಿಯಿರಿ

ಕರಾವಳಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರ್‌ಗೂ ಮಿಕ್ಕಿ ಮಳೆ ಬೀಳುತ್ತದೆ. ಒಗೆದ ಬಟ್ಟೆ ಒಲೆಯ ಮೇಲಿನ ಅಟ್ಟದಲ್ಲೂ ಒಣಗದ ಕಾಲ ಅದು. ಹಸಿ ಉಳಿದ ಬಟ್ಟೆಯನ್ನು ನಾಲ್ಕು ಪದರದೊಳಗೆ ಸೇರಿಸಿ ಹೊಲಿದರೆ ಒಳಗೇ ಬೂಷ್ಟು ಹಿಡಿಯುತ್ತದೆ. ಆ ವಾಸನೆ ಜನ್ಮಕ್ಕೂ ಹೋಗುವುದಿಲ್ಲ. ಹಾಗಾಗಿ ಬಟ್ಟೆ ಕೂಡಿಸುವುದು, ಒಗೆಯುವುದು, ಕತ್ತರಿಸುವುದು ಎಲ್ಲ ಏಪ್ರಿಲ್-ಮೇ ತಿಂಗಳ ಬಿಸಿಲಲ್ಲೇ ಮುಗಿಯಬೇಕು. ಮೃಗಶಿರ ಮಳೆ ಜೂನ್ 7-8ರ ಹೊತ್ತಿಗೆ ಶುರು. ಅದಕ್ಕೆ ಮೊದಲೇ ಪ್ರತಿಯೊಬ್ಬರ ಕೈಗೂ ಅವರ ಚೌಕದ ಕಟ್ಟು ಸೇರಿರಲಿ.

ಜೂನ್-ಜುಲೈನಲ್ಲಿ ಯಾರಿಗೂ ಪುರುಸೊತ್ತಿಲ್ಲ. ಕೆಳಗೆ ನಾಟಿ, ಮೇಲೆ ತೋಟಕ್ಕೆ ಮದ್ದು ಹೊಡೆಯುವ ಗಡಿಬಿಡಿ. ಆಗ ಚೌಕ ಕೇಳಲೇಬೇಡಿ. ನಾಟಿ ಮುಗಿದು ಶ್ರಾವಣದಲ್ಲಿ ಸ್ವಲ್ಪ ಉಸಿರು ಬಿಡುವ ಹೊತ್ತಿಗೆ ಕೆಲಸ ತಾನಾಗಿ ಎದ್ದು ನಿಲ್ಲುತ್ತದೆ. ಚೌತಿ ಮುಗಿದ ಮೇಲೆ ಚೌಕಗಳನ್ನು ಜೋಡಿಸಿ, ಭೂಮಿ ಹುಣ್ಣಿಮೆಗೆ ಮುಗಿಸುವುದು ಅಂತ ಇಟ್ಟುಕೊಳ್ಳಿ. ಆಶ್ವೀಜದ ಹುಣ್ಣಿಮೆ ಹೆಚ್ಚಾಗಿ ಅಕ್ಟೋಬರ್‌ನಲ್ಲಿ ಬರುತ್ತದೆ. ಭತ್ತ ಹೊಡೆ ತುಂಬಿ ನಿಂತಿರುವಾಗ ಭೂಮಿತಾಯಿಗೆ ಬಯಕೆ ಊಟ ಬಡಿಸುವ ಹಬ್ಬ ಅದು. ಗದ್ದೆಯ ಕೌದಿಗೆ ಅದಕ್ಕಿಂತ ಒಳ್ಳೆಯ ಗಡುವು ಇಲ್ಲ. ಅದು ದಾಟಿತೋ, ಕೊಯ್ಲು ಬಂತು, ಅದರ ಹಿಂದೆಯೇ ಅಡಿಕೆ ಸುಲಿತ ಬಂತು. ಕೌದಿ ಮುಂದಿನ ವರ್ಷಕ್ಕೆ ಹೋಯಿತು ಅಂತಲೇ ಲೆಕ್ಕ.

ಸೀರೆಯ ಅಗಲಕ್ಕೆ ಕೌದಿ

ಅಳತೆಯನ್ನು ಮಂಚ ನೋಡಿ ಶುರು ಮಾಡಬೇಡಿ, ಸೀರೆ ನೋಡಿ ಶುರು ಮಾಡಿ. ಮಾಮೂಲಿ ಸೀರೆ ಸುಮಾರು 5.5 ಮೀಟರ್ ಉದ್ದ, 115 ಸೆಂಟಿಮೀಟರ್ ಅಗಲ. ಕೌದಿಯ ಅಗಲ ಅದರೊಳಗೆ ಬಂದರೆ ಹಿಂಬದಿಗೆ ಜೋಡಣೆಯೇ ಬೇಡ.

ಅದಕ್ಕೆ ನಾನು ಹೇಳುವ ಲೆಕ್ಕ ಇದು. ಹೊಲಿದ ಮೇಲೆ 27 ಸೆಂ.ಮೀ. ಬರುವ ಚೌಕ. ಕತ್ತರಿಸುವಾಗ ಸುತ್ತ ಒಂದೊಂದು ಸೆಂ.ಮೀ. ಬಿಟ್ಟು 29 ಸೆಂ.ಮೀ. ಅಗಲಕ್ಕೆ ನಾಲ್ಕು, ಉದ್ದಕ್ಕೆ ಆರು. ಒಟ್ಟು 24 ಚೌಕ. ಅಲ್ಲಿಗೆ 108 ಸೆಂ.ಮೀ. ಅಗಲ, 162 ಸೆಂ.ಮೀ. ಉದ್ದ ಆಯಿತು. ತಲೆಗೆ ಒಂದು, ಕಾಲಿಗೆ ಒಂದು ಅಂತ 12 ಸೆಂ.ಮೀ.ಯ ಸೀರೆ ಅಂಚಿನ ಪಟ್ಟಿ ಸೇರಿಸಿದರೆ ಉದ್ದ 186 ಸೆಂ.ಮೀ. ಈ ಪಟ್ಟಿಯನ್ನು 110 ಸೆಂ.ಮೀ. ಉದ್ದ, 14 ಸೆಂ.ಮೀ. ಅಗಲ ಕತ್ತರಿಸಿಕೊಳ್ಳಿ. ದೊಡ್ಡವರೊಬ್ಬರು ಕಾಲು ಚಾಚಿ ಹೊದೆಯಲು ಇಷ್ಟು ಸಾಕು.

ಹನ್ನೆರಡು ಜನ ಇದ್ದರೆ ತಲೆಗೆರಡು ಚೌಕ. ಇಪ್ಪತ್ತನಾಲ್ಕು ಜನ ಇದ್ದರೆ ಒಂದೊಂದು. ಅದಕ್ಕಿಂತ ಜಾಸ್ತಿ ಜನ ಬಂದರೆ ಬೇಡ ಅನ್ನಬೇಡಿ, ಎರಡನೇ ಕೌದಿ ಶುರು ಮಾಡಿ. ಹೊಲಿಗೆ ಬಾರದವರನ್ನು ಬಿಡಬೇಡಿ. ಕಣ್ಣು ಮಂಜಾದ ಅಜ್ಜಿಯರೂ ಬರಲಿ. ಅವರ ಸೀರೆ ಬರಲಿ, ಅವರು ಹೇಳಿದಂತೆ ಮೊಮ್ಮಗಳು ಹೊಲಿಯಲಿ. ಎಷ್ಟೋ ಸಲ ಆ ಚೌಕಗಳೇ ಚೆನ್ನಾಗಿರುತ್ತವೆ. ಯಾಕೆಂದರೆ ಅಜ್ಜಿಗೆ ಮಡಿಯಲ್ಲಿ ಸಸಿ ಹೇಗೆ ನಿಲ್ಲುತ್ತದೆ ಅಂತ ಗೊತ್ತು, ಮೊಮ್ಮಗಳಿಗೆ ಗೊತ್ತಿಲ್ಲ. ಅವಳು ಕೇಳಿ ಕೇಳಿ ಹೊಲಿಯಬೇಕಾಗುತ್ತದೆ.

ಬಟ್ಟೆ ಆರಿಸುವುದು

ಈ ಹಂತಕ್ಕೆ ಜಾಸ್ತಿ ಹೊತ್ತು ಕೊಡಿ. ಕೌದಿ ಬಾಳುವುದು, ಬಾಳದಿರುವುದು ಇಲ್ಲೇ ತೀರ್ಮಾನ ಆಗುತ್ತದೆ.

ಹತ್ತಿ ಬೇಕು. ಈಗ ಗದ್ದೆಗೆ ಉಡುವ ಸೀರೆಗಳಲ್ಲಿ ಅರ್ಧಕ್ಕರ್ಧ ಪಾಲಿಯೆಸ್ಟರ್, ಮುಟ್ಟಿ ನೋಡಿದರೆ ತಿಳಿಯುವುದಿಲ್ಲ. ಅಂಚಿನಿಂದ ಒಂದು ಎಳೆ ಕಿತ್ತು ದೀಪಕ್ಕೆ ಹಿಡಿಯಿರಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬರುತ್ತದೆ, ಬೂದಿ ಉದುರುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಗುಂಡು ಆಗುತ್ತದೆ. ಹಾಗಂತ ಪಾಲಿಯೆಸ್ಟರನ್ನು ಪೂರ್ತಿ ಎಸೆಯಬೇಕಿಲ್ಲ. ಚೌಕದ ಮೇಲೆ ಹಚ್ಚುವ ಸಣ್ಣ ಚಿತ್ರಕ್ಕೆ ಅದು ನಡೆಯುತ್ತದೆ, ಬಣ್ಣವೂ ಬೇಗ ಮಾಸುವುದಿಲ್ಲ. ಒಳಪದರಕ್ಕೆ, ಮೈಗೆ ತಾಗುವ ಹಿಂಬದಿಗೆ ಮಾತ್ರ ಬೇಡವೇ ಬೇಡ. ಬೆವರು ಹೀರುವುದಿಲ್ಲ.

ಆಮೇಲೆ ಗಟ್ಟಿತನ. ಬಟ್ಟೆಯನ್ನು ಎರಡು ಹೆಬ್ಬೆರಳ ನಡುವೆ ಹಿಡಿದು ಜಗ್ಗಿ. ಚರ್ ಅಂದರೆ ಅದು ಒರೆಸುವ ಬಟ್ಟೆಗೆ ಸರಿ. ಬೆಳಕಿಗೆ ಹಿಡಿದಾಗ ಜಾಲರಿ ಕಂಡರೆ ಒಳಪದರಕ್ಕೆ ಇಡಿ. ಸೀರೆಯ ಮಧ್ಯಭಾಗ ಬೇಗ ಸವೆಯುತ್ತದೆ, ನೆರಿಗೆಯ ಒಳಗಿದ್ದ ಭಾಗ ಮತ್ತು ಸೆರಗಿನ ಹತ್ತಿರದ ಬಟ್ಟೆ ಗಟ್ಟಿ ಇರುತ್ತದೆ. ಚೌಕಕ್ಕೆ ಅಲ್ಲಿಂದ ಕತ್ತರಿಸಿ. ಕೆಂಪು, ಕಪ್ಪು, ಕಡುನೀಲಿ ಬಟ್ಟೆಗಳನ್ನು ಒದ್ದೆ ಮಾಡಿ ಬಿಳಿ ಪಂಚೆಯ ತುಂಡಿಗೆ ತಿಕ್ಕಿ ನೋಡಿ. ಬಣ್ಣ ಬಿಟ್ಟರೆ ಇನ್ನೆರಡು ಸಲ ಒಗೆಯಿರಿ. ಆಗಲೂ ಬಿಟ್ಟರೆ ಬಿಟ್ಟುಬಿಡಿ.

ಈಗ ಕಲೆಯ ವಿಷಯ. ಸಿರ್ಸಿ, ಸಿದ್ದಾಪುರ ಕಡೆ ಹಸಿ ಅಡಿಕೆ ಸುಲಿದವರ ಸೀರೆಯ ಮಡಿಲಲ್ಲಿ ಕಂದು ಕಲೆ ಇದ್ದೇ ಇರುತ್ತದೆ. ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ರಾತ್ರಿ ಹತ್ತರವರೆಗೆ ಕೂತರೆ ಇನ್ನೇನಾಗುತ್ತದೆ? ಕುಮಟಾ, ಅಂಕೋಲಾ ಕಡೆ ಗೇರುಹಣ್ಣಿನ ಕಲೆ. ಹೆಂಗಸರು ಈ ಸೀರೆಗಳನ್ನು ತರಲು ನಾಚುತ್ತಾರೆ. ‘ಇದು ಚಂದ ಇಲ್ಲ, ಮದುವೆಯಲ್ಲಿ ಕೊಟ್ಟ ಸೀರೆ ಇದೆ, ಅದನ್ನೇ ತರುತ್ತೇನೆ’ ಅನ್ನುತ್ತಾರೆ. ಸಂಘದಲ್ಲಿ ಯಾರು ಮುಂದಾಳೋ ಅವರು ತಮ್ಮ ಕಲೆಯ ಸೀರೆಯನ್ನು ಮೊದಲು ಜಗುಲಿಗೆ ತಂದು ಹಾಕಬೇಕು. ಮತ್ತೆ ನೋಡಿ, ಉಳಿದವರದ್ದು ಒಂದೊಂದೇ ಬರುತ್ತದೆ. ಕಲೆ ಇರುವ ಭಾಗವನ್ನು ಬಿಟ್ಟು ಕತ್ತರಿಸಬೇಡಿ. ಚೌಕದ ನಡುವೆಯೇ ಬರುವ ಹಾಗೆ ಕತ್ತರಿಸಿ.

ಎಲ್ಲ ಬಟ್ಟೆಯನ್ನೂ ಬಿಸಿನೀರಿನಲ್ಲಿ ಒಮ್ಮೆ ಒಗೆದು ಕಡು ಬಿಸಿಲಿಗೆ ಹಾಕಿ. ಗುಂಡಿ, ಹುಕ್ಕು, ಪಾಕೀಟು ಬಿಚ್ಚಿ ತೆಗೆಯಿರಿ. ಪಾಕೀಟನ್ನು ಎಸೆಯಬೇಡಿ, ಅದರಿಂದ ಒಳ್ಳೆಯ ಚೌಕ ಆಗುತ್ತದೆ. ಮರ ಹತ್ತಿ ಅಡಿಕೆ ಕೊನೆ ಇಳಿಸುವ ಕೊನೆಗೌಡನ ಅಂಗಿಯ ಪಾಕೀಟನ್ನು ಚೌಕದ ಮೇಲೆ ಹಾಗೇ ಹೊಲಿದರೆ ಮಕ್ಕಳಿಗೆ ಅದರೊಳಗೆ ಕೈ ಹಾಕುವುದೇ ಆಟ.

ಬಣ್ಣ ಬೇಕಿದ್ದರೆ ಚೊಗರು

ಬಿಳಿ ಪಂಚೆ, ಮಾಸಿದ ಬಟ್ಟೆ ಜಾಸ್ತಿ ಸೇರಿದ್ದರೆ ಕೌದಿ ಸಪ್ಪೆ ಕಾಣಬಹುದು. ಕೆಂಪಡಿಕೆ ಮಾಡುವ ಮನೆಯಿಂದ ಚೊಗರು ತನ್ನಿ. ಅಡಿಕೆ ಬೇಯಿಸಿದ ಆ ಕಂದು ನೀರು ಹತ್ತಿಗೆ ಚೆನ್ನಾಗಿ ಹಿಡಿಯುತ್ತದೆ. ಸಾಗರದ ಹತ್ತಿರ ಭೀಮನಕೋಣೆಯ ಚರಕ ಸಂಸ್ಥೆಯ ಹೆಂಗಸರು ಕೈಮಗ್ಗದ ಬಟ್ಟೆಗೆ ಇದೇ ಬಣ್ಣ ಹಾಕುತ್ತಾರೆ. ಅಡಿಕೆ ಬೇಯಿಸುವ ಕಾಲದಲ್ಲೇ ಗಟ್ಟಿ ಚೊಗರು ಹೇಳಿ ಇಡಿಸಿದರೆ ಬೇಸಿಗೆಗೆ ಸಿಗುತ್ತದೆ.

ಒಣ ಬಟ್ಟೆ ತೂಗಿ. ಒಂದು ಕೆಜಿ ಬಟ್ಟೆಗೆ ಸುಮಾರು 150 ಗ್ರಾಂ ಪಟಿಕ. ಅದನ್ನು ಬಿಸಿನೀರಿನಲ್ಲಿ ಕರಗಿಸಿ, ಬಟ್ಟೆಯನ್ನು ಒಂದು ರಾತ್ರಿ ನೆನೆಸಿ ಹಿಂಡಿ. ಚೊಗರಿಗೆ ನೀರು ಬೆರೆಸಿ ಸಣ್ಣ ಉರಿಯಲ್ಲಿಟ್ಟು, ಬಟ್ಟೆಯನ್ನು ಒಂದು ಗಂಟೆ ಆಗಾಗ ಮಗುಚುತ್ತಾ ಇರಿ. ಕುದಿ ಜೋರು ಬೇಡ. ನೆರಳಲ್ಲಿ ಒಣಗಿಸಿ. ಕಡು ಬಣ್ಣ ಬೇಕಾದರೆ ಮತ್ತೊಮ್ಮೆ ಅದ್ದಿ. ತುಕ್ಕು ಹಿಡಿದ ಕಬ್ಬಿಣ ನೆನೆಸಿದ ನೀರಿನಲ್ಲಿ ಆಮೇಲೆ ಒಂದು ಗಳಿಗೆ ಅದ್ದಿದರೆ ಕಂದು ಹೋಗಿ ಕಪ್ಪಿಗೆ ತಿರುಗುತ್ತದೆ. ಜಾಸ್ತಿ ಹೊತ್ತು ಬಿಡಬೇಡಿ, ಕಬ್ಬಿಣ ಬಟ್ಟೆಯನ್ನು ತಿನ್ನುತ್ತದೆ. ಬಣ್ಣ ಹಾಕಿದ ಪಾತ್ರೆಯಲ್ಲಿ ಮತ್ತೆ ಅಡುಗೆ ಮಾಡಬೇಡಿ.

ಚೌಕದಲ್ಲಿ ಏನು ಬರಬೇಕು

‘ಕೃಷಿ’ ಅಂದ ಕೂಡಲೇ ಹತ್ತರಲ್ಲಿ ಎಂಟು ಜನ ಒಂದೇ ಚಿತ್ರ ಬರೆಯುತ್ತಾರೆ. ಎರಡು ಗುಡ್ಡ, ನಡುವೆ ಸೂರ್ಯ, ಎತ್ತಿನ ಗಾಡಿ, ಹೆಗಲ ಮೇಲೆ ನೇಗಿಲು ಹೊತ್ತ ಗಂಡಸು. ಆ ಚಿತ್ರದಲ್ಲಿ ಹೆಂಗಸು ಇದ್ದರೆ ಬುತ್ತಿ ಹೊತ್ತುಕೊಂಡು ಬರುತ್ತಿರುತ್ತಾಳೆ. ನಮ್ಮೂರಲ್ಲಿ ಸಸಿ ಕಿತ್ತವರು ಯಾರು, ನೆಟ್ಟವರು ಯಾರು, ಕಳೆ ತೆಗೆದವರು ಯಾರು? ಬುತ್ತಿ ಕಟ್ಟಿದ ಮೇಲೆ ಗದ್ದೆಗೂ ಇಳಿದವರು ಅವರೇ ಅಲ್ವಾ. ಆ ಕ್ಯಾಲೆಂಡರ್ ಚಿತ್ರ ನಮಗೆ ಬೇಡ.

ಅದರ ಬದಲು ಪ್ರತಿಯೊಬ್ಬರಿಗೂ ಒಂದೇ ಪ್ರಶ್ನೆ ಕೇಳಿ: ‘ಈ ವರ್ಷ ನಿನ್ನ ಕೈ ಯಾವುದನ್ನು ಜಾಸ್ತಿ ಹಿಡಿದಿತ್ತು?’ ಒಬ್ಬಳು ಮೆಟ್ಟುಗತ್ತಿ ಅನ್ನುತ್ತಾಳೆ. ಇನ್ನೊಬ್ಬಳು ಸಗಣಿ ಬುಟ್ಟಿ. ಮತ್ತೊಬ್ಬಳು ಕಾಳುಮೆಣಸಿನ ಕರೆ (ಗೊಂಚಲು), ಹಾಳೆಟೋಪಿ, ದರಕು (ಒಣಗಿದ ಎಲೆ) ಗುಡಿಸುವ ಪೊರಕೆ, ಹಾಲಿನ ಕ್ಯಾನು. ಮೊಬೈಲ್ ಅಂತ ಹೇಳಿದರೂ ಬೇಡ ಅನ್ನಬೇಡಿ. ಅಡಿಕೆ ದರ ನೋಡುವುದೂ ಕೃಷಿಯೇ.

ಊರಿಗೆ ತಕ್ಕ ಹಾಗೆ ವಿಷಯ ಬೇರೆಯಾಗುತ್ತದೆ. ಕುಮಟಾದ ಮಾಣಿಕಟ್ಟಾ ಸುತ್ತ ಅಘನಾಶಿನಿಯ ಗಜನಿ ಗದ್ದೆಗಳಲ್ಲಿ ಕಗ್ಗ ಭತ್ತ ಬೆಳೆಯುತ್ತಾರೆ. ಉಪ್ಪುನೀರು ನುಗ್ಗಿದರೂ ತಡೆದುಕೊಳ್ಳುವ ಎತ್ತರದ ತಳಿ ಅದು. ಅಲ್ಲಿಯವರ ಚೌಕದಲ್ಲಿ ನೀರು ಕೆಳಗಿನ ಮುಕ್ಕಾಲು ಪಾಲು ಇರಬೇಕು, ತೆನೆ ಮೇಲಿನ ಕಾಲು ಪಾಲು. ಗೋಕರ್ಣದ ರಥಬೀದಿಗೆ ತರಕಾರಿ ಬುಟ್ಟಿ ತರುವ ಹಾಲಕ್ಕಿ ಹೆಂಗಸರ ಕೊರಳ ತುಂಬ ಕರಿಮಣಿ ಇರುತ್ತದೆ. ಸಾಲು ಸಾಲು ರನ್ನಿಂಗ್ ಹೊಲಿಗೆಗೆ ಅದಕ್ಕಿಂತ ಒಳ್ಳೆಯ ಮಾದರಿ ಸಿಗಲಿಕ್ಕಿಲ್ಲ. ಅಂಕೋಲೆಯವರು ಕರಿ ಈಶಾಡ ಮಾವು ಬಿಡುತ್ತಾರಾ? 2023ರಲ್ಲಿ ಅದಕ್ಕೆ ಭೌಗೋಳಿಕ ಗುರುತು ಸಿಕ್ಕಿದೆ. ಸಿರ್ಸಿ ಅಡಿಕೆಗೆ 2019ರಲ್ಲೇ ಸಿಕ್ಕಿತ್ತು. ಜೋಯಿಡಾದ ಕುಣಬಿ ಹೆಂಗಸರಾದರೆ ಗೆಡ್ಡೆ-ಗೆಣಸು. ಮಣ್ಣಿನೊಳಗಿನದ್ದು, ಹಾಗಾಗಿ ಚೌಕದ ಬಹುಪಾಲು ಕಂದು ಬಟ್ಟೆ.

ಚಿತ್ರ ಬರೆಯಲು ಬರುವುದಿಲ್ಲ ಅನ್ನುವವರಿಗೆ ಹಸೆ ಚಿತ್ತಾರ ತೋರಿಸಿ. ಸಿದ್ದಾಪುರ, ಸಿರ್ಸಿ, ಸಾಗರ ಕಡೆಯ ದೀವರ ಹೆಂಗಸರು ಭೂಮಿ ಹುಣ್ಣಿಮೆಯ ಬುಟ್ಟಿಗೆ ಕೆಮ್ಮಣ್ಣು ಬಳಿದು ಅಕ್ಕಿಹಿಟ್ಟಿನ ಬಿಳಿಯಲ್ಲಿ ಬರೆಯುತ್ತಾರಲ್ಲ, ಅದು. ಪೂರ್ತಿ ಸರಳ ರೇಖೆ, ತ್ರಿಕೋನ, ಏಣಿಯಂಥ ಮಡಿಕೆ. ಸೂಜಿ ದಾರಕ್ಕೆ ಬಳ್ಳಿ ಬಳುಕಿಸುವುದು ಕಷ್ಟ, ಗೆರೆ ಎಳೆಯುವುದು ಸುಲಭ. ಚೊಗರಿನ ಕೆಂಗಂದು ಬಟ್ಟೆಯ ಮೇಲೆ ಬಿಳಿ ದಾರ ಓಡಿಸಿದರೆ ಚಿತ್ತಾರದ ಬಣ್ಣವೇ ಬರುತ್ತದೆ.

ಚೌಕ ಹೊಲಿಯುವುದು

29 ಸೆಂ.ಮೀ.ಯ ಅಚ್ಚನ್ನು ರಟ್ಟಿನಲ್ಲಿ ಒಬ್ಬರೇ ಕತ್ತರಿಸಿ, ಅದನ್ನೇ ಎಲ್ಲರೂ ಬಳಸಿ. ಅವರವರು ಅಳೆದರೆ ಒಂದೊಂದು ಚೌಕ ಒಂದೊಂದು ಸೈಜ್ ಬರುತ್ತದೆ, ಜೋಡಿಸುವಾಗ ಜಗಳ. ಬಟ್ಟೆಯ ಎಳೆಗೆ ನೇರವಾಗಿ ಅಚ್ಚು ಇಡಿ. ಓರೆಯಾಗಿ ಕತ್ತರಿಸಿದ ಚೌಕ ಎಳೆದ ಕಡೆಗೆ ಹಿಗ್ಗುತ್ತದೆ.

ಚಿತ್ರವನ್ನು ಮೊದಲು ಹಳೇ ಪೇಪರಿನಲ್ಲಿ ಕತ್ತರಿಸಿ ಚೌಕದ ಮೇಲಿಟ್ಟು ನೋಡಿ. ಸುತ್ತ ಮೂರು ಸೆಂ.ಮೀ. ಖಾಲಿ ಇರಲಿ. ಇಲ್ಲದಿದ್ದರೆ ಜೋಡಿಸುವಾಗ ಅಡಿಕೆ ಮರದ ತಲೆ ಹೊಲಿಗೆಯೊಳಗೆ ಹೋಗುತ್ತದೆ. ಪೇಪರ್ ಅಳತೆಗಿಂತ ಅರ್ಧ ಸೆಂ.ಮೀ. ದೊಡ್ಡದಾಗಿ ಬಟ್ಟೆ ಕತ್ತರಿಸಿ, ಆ ಅರ್ಧವನ್ನು ಒಳಕ್ಕೆ ಮಡಚಿ ಉಗುರಿನಿಂದ ಗೀಚಿ ಕೂರಿಸಿ, ಕಚ್ಚಾ ಹೊಲಿಗೆ (ಆಮೇಲೆ ಬಿಚ್ಚುವ ಸಡಿಲ ಹೊಲಿಗೆ) ಹಾಕಿ. ಆಮೇಲೆ ಹೆಮ್ಮಿಂಗ್. ಒಳಮೂಲೆ ಬಂದಲ್ಲಿ ಮಡಚುವ ಭಾಗಕ್ಕೆ ಸಣ್ಣ ಕತ್ತರಿ ಏಟು ಕೊಟ್ಟರೆ ಸುಕ್ಕು ಬರುವುದಿಲ್ಲ. ತೆನೆ, ದಾರ, ಹಗ್ಗದಂಥ ಸಣ್ಣ ಗೆರೆಗಳಿಗೆ ಸರಪಳಿ ಹೊಲಿಗೆ. ಮಣಿ, ಕನ್ನಡಿ, ಚಮಕಿ ಬೇಡ. ಹೊದ್ದು ಮಲಗುವ ವಸ್ತು ಇದು. ಮಗುವಿನ ಕೆನ್ನೆಗೆ ಚುಚ್ಚಬಾರದು.

ಹೊಲಿದವರು ಮೂಲೆಯಲ್ಲಿ ತಮ್ಮ ಹೆಸರಿನ ಮೊದಲ ಅಕ್ಷರ ಹಾಕಲಿ. ಬರೆಯಲು ಬಾರದವರು ತಮ್ಮದೇ ಒಂದು ಗುರುತು ಹಾಕಲಿ.

ಜಗುಲಿಯ ಮೇಲೆ ಹರಡಿ ನೋಡುವುದು

ಎಲ್ಲ ಚೌಕ ಬಂದ ಮೇಲೆ ಜಗುಲಿಯಲ್ಲಿ ನಾಲ್ಕು-ಆರರ ಲೆಕ್ಕದಲ್ಲಿ ಹರಡಿ. ಚಂದ ನೋಡಿ ಇಡುವುದು ಒಂದು ರೀತಿ. ನನಗೆ ಇಷ್ಟವಾದದ್ದು ಮಳೆಯ ಲೆಕ್ಕದಲ್ಲಿ ಇಡುವುದು. ಆರು ಸಾಲು ಇವೆಯಲ್ಲ. ಮೊದಲ ಸಾಲು ಬೇಸಿಗೆ: ದರಕು, ಸೊಪ್ಪು, ಗೇರು, ಅಪ್ಪೆಮಿಡಿ. ಎರಡನೆಯದು ಮೃಗಶಿರ, ಆರಿದ್ರ: ಬೀಜ, ಸಸಿಮಡಿ, ಕಂಬಳಿ ಕೊಪ್ಪೆ. ಮೂರನೆಯದು ಪುನರ್ವಸು, ಪುಷ್ಯ: ನಾಟಿ, ಕೆಸರು. ನಾಲ್ಕು ಆಶ್ಲೇಷ, ಮಘೆ: ಕಳೆ, ಕೊಳೆರೋಗದ ಭಯ, ನಾಗರಪಂಚಮಿ. ಐದನೇ ಸಾಲಿಗೆ ಹಸ್ತ, ಚಿತ್ತ, ಭೂಮಿ ಹುಣ್ಣಿಮೆಯ ಬುಟ್ಟಿ. ಕೊನೆಯದು ಕೊಯ್ಲು, ಅಡಿಕೆ ಸುಲಿತ, ಆಲೆಮನೆ. ಹೀಗೆ ಇಟ್ಟರೆ ಚಿಕ್ಕ ಮಕ್ಕಳಿಗೆ ಮಳೆಯ ಹೆಸರು ಬಾಯಿಪಾಠ ಆಗುತ್ತದೆ. ಯಾವುದೋ ಸಾಲು ಖಾಲಿ, ಯಾವುದೋ ಸಾಲಿನಲ್ಲಿ ಏಳು ಚೌಕ ಆದರೆ ಗಾಬರಿ ಬೇಡ. ನಾಟಿಯ ಚೌಕ ಯಾವಾಗಲೂ ಜಾಸ್ತಿ ಬರುತ್ತದೆ. ಸುಮ್ನೆ ಪಕ್ಕದ ಸಾಲಿಗೆ ದಾಟಿಸಿ.

ಒಪ್ಪಿಗೆಯಾದ ಮೇಲೆ ಮೊಬೈಲ್‌ನಲ್ಲಿ ಫೋಟೋ ತೆಗೆದುಕೊಳ್ಳಿ. ಪ್ರತಿ ಚೌಕದ ಹಿಂದೆ ಟೈಲರ್ ಚಾಕಿನಲ್ಲಿ 1ರಿಂದ 24ರ ತನಕ ನಂಬರ್ ಬರೆಯಿರಿ. ಅಡ್ಡ ಸಾಲಿನ ನಾಲ್ಕನ್ನು ಮೊದಲು ಜೋಡಿಸಿ, ಆಮೇಲೆ ಸಾಲಿಗೆ ಸಾಲು. ಒಂದು ಸೆಂ.ಮೀ. ಒಳಗೆ ಹೊಲಿಗೆ. ಈ ಜೋಡಣೆಯನ್ನು ಮಷಿನ್ನಿನಲ್ಲಿ ಮಾಡಿದರೆ ಏನೂ ತಪ್ಪಿಲ್ಲ, ಕೈಗಿಂತ ಗಟ್ಟಿ ಬರುತ್ತದೆ. ಕೈಯಲ್ಲೇ ಆಗಬೇಕು ಅಂತ ಹಟ ಹಿಡಿಯುವವರು ಸಾಮಾನ್ಯವಾಗಿ ಹೊಲಿಯುವವರಲ್ಲ. ಮೇಲೆ-ಕೆಳಗೆ ಸೀರೆ ಅಂಚಿನ ಪಟ್ಟಿ ಸೇರಿಸಿ, ಪೂರ್ತಿ ಇಸ್ತ್ರಿ ಮಾಡಿ.

ಪದರ ಎಷ್ಟು

ಕಾರವಾರ, ಅಂಕೋಲೆಯ ಸೆಕೆಗೆ ಮೂರು ಪದರ ಸಾಕು: ಮೇಲಿನ ಚೌಕ, ಒಳಗೆ ಒಂದು ಸೀರೆ, ಹಿಂದೆ ಒಂದು ಸೀರೆ. ಸಿರ್ಸಿ, ಯಲ್ಲಾಪುರದ ಮಾಗಿ ಚಳಿಗೆ ಒಳಗೆ ಎರಡು ಅಥವಾ ಮೂರು ಇರಲಿ. ಒಟ್ಟು ಐದಕ್ಕಿಂತ ಜಾಸ್ತಿ ಹಾಕಿದರೆ ಸೂಜಿ ಇಳಿಯುವುದಿಲ್ಲ, ಬೆರಳು ಹೋಗುತ್ತದೆ. ಒಂದು ಸೀರೆಯಲ್ಲಿ ಎರಡು ಮೀಟರಿನ ಎರಡು ತುಂಡು ಸಿಗುತ್ತವೆ, ಉಳಿದ ಒಂದೂವರೆ ಮೀಟರ್ ಅಂಚಿನ ಪಟ್ಟಿಗೆ, ಮುಂದೆ ತೇಪೆಗೆ. ಹತ್ತಿ ಅರಳೆ, ಸ್ಪಂಜು ತುಂಬಬೇಡಿ. ನಮ್ಮ ಮಳೆಗಾಲದಲ್ಲಿ ಅವು ಒಣಗಿದ ಹಾಗೆ ಕಾಣುತ್ತವೆ, ಒಣಗಿರುವುದಿಲ್ಲ.

ಹಿಂಬದಿಯ ಸೀರೆಯನ್ನು ಒಳಮೈ ಮೇಲೆ ಮಾಡಿ ಹಾಸಿ. ನಾಲ್ಕು ಮೂಲೆಗೆ ಭಾರ ಇಟ್ಟು ಬಿಗಿಯಾಗಿಸಿ. ಅದರ ಮೇಲೆ ಒಳಪದರ, ಅದರ ಮೇಲೆ ಚೌಕಗಳ ಮೇಲ್ಬಟ್ಟೆ. ಹಿಂಬದಿ ಸುತ್ತಲೂ ಎರಡು-ಮೂರು ಸೆಂ.ಮೀ. ಜಾಸ್ತಿ ಹೊರಗೆ ಇರಲಿ, ಅಂಚು ಮಡಚಲು ಬೇಕು. ಈಗ ಕಚ್ಚಾ ಹೊಲಿಗೆ. ನಡುವಿನಿಂದ ನಾಲ್ಕು ದಿಕ್ಕಿಗೆ, ಆಮೇಲೆ ನಾಲ್ಕು ಮೂಲೆಗೆ, ಗೇಣಿಗೊಂದು ಸಾಲು. ಬೇಜಾರಿನ ಕೆಲಸ. ಆದರೂ ಬಿಡಬೇಡಿ.

ಒಟ್ಟಿಗೆ ಕೂರುವ ದಿನಗಳು

ದಪ್ಪ ಹತ್ತಿ ದಾರ, ಉದ್ದ ಕಣ್ಣಿನ ಗಟ್ಟಿ ಸೂಜಿ. ದಾರ ಎರಡೆಳೆ. ಸೂಜಿಗೆ ಪೋಣಿಸಿ ಮಡಚಿದ ಮೇಲೆ ಒಂದೂವರೆ ಮೊಳಕ್ಕಿಂತ ಉದ್ದ ಬೇಡ, ಗಂಟು ಬೀಳುತ್ತದೆ. ಜೇನುಮೇಣದ ಮೇಲೆ ಒಮ್ಮೆ ಎಳೆದುಕೊಂಡರೆ ದಾರ ಜಾರುತ್ತದೆ, ಬೇಗ ಸವೆಯುವುದೂ ಇಲ್ಲ. ಮೇಣ ನಮ್ಮ ಕಡೆ ಜೇನು ಸಾಕುವವರ ಮನೆಯಲ್ಲಿ ಕೇಳಿದರೆ ಕೊಡುತ್ತಾರೆ. ಗಂಟನ್ನು ಪದರದ ನಡುವೆ ಎಳೆದು ಮುಚ್ಚಿಬಿಡಿ.

ರನ್ನಿಂಗ್ ಹೊಲಿಗೆ, ಅರ್ಧ ಸೆಂ.ಮೀ.ಯಿಂದ ಮುಕ್ಕಾಲು ಸೆಂ.ಮೀ. ಸಾಲಿಗೂ ಸಾಲಿಗೂ ಎರಡು ಸೆಂ.ಮೀ. ಉದ್ದಕ್ಕೆ ಹಾಕುತ್ತಾ ಹೋದರೆ 50ಕ್ಕೂ ಹೆಚ್ಚು ಸಾಲು ಬರುತ್ತದೆ, ಒಟ್ಟು ಸುಮಾರು 100 ಮೀಟರ್ ಹೊಲಿಗೆ. ಎರಡೆಳೆ ಲೆಕ್ಕದಲ್ಲಿ 250 ಮೀಟರ್ ದಾರ ತಂದಿಟ್ಟುಕೊಳ್ಳಿ. ಮೊದಲು ನಟ್ಟನಡುವೆ ಉದ್ದಕ್ಕೆ ಒಂದು ಸಾಲು, ಅಡ್ಡಕ್ಕೆ ಒಂದು ಸಾಲು. ಅಲ್ಲಿಂದ ಹೊರಕ್ಕೆ. ಮೇಲ್ಬಟ್ಟೆ ಮೊದಲೇ ಜೋಡಣೆ ಆಗಿರುವುದರಿಂದ ಸಡಿಲ ಇದ್ದರೆ ಅಂಚಿಗೆ ತಳ್ಳಿಕೊಂಡು ಹೋಗಬೇಕು. ಅಂಚಿನಿಂದ ಶುರು ಮಾಡಿದರೆ ಆ ಸಡಿಲವೆಲ್ಲ ನಡುವೆ ಗುಳ್ಳೆಯಾಗಿ ನಿಲ್ಲುತ್ತದೆ.

ಈ ಅಳತೆಯ ಕೌದಿಯ ಸುತ್ತ ಆರು ಜನ ಆರಾಮಾಗಿ ಕೂರಬಹುದು. ಎಂಟಾದರೆ ಮೊಣಕೈ ತಾಗುತ್ತದೆ. ಉಳಿದವರು ಸೂಜಿ ಪೋಣಿಸಲಿ, ಚಹಾ ಮಾಡಲಿ, ಹಾಡಲಿ. ನಾಟಿ ಹಾಡು, ಕುಟ್ಟುವ ಹಾಡು ಬಲ್ಲವರು ಊರಲ್ಲಿ ಇನ್ನೂ ಇದ್ದಾರೆ. ಅಂಕೋಲೆಯ ಬಡಿಗೇರಿಯ ಸುಕ್ರಿ ಬೊಮ್ಮಗೌಡರು ಹಾಲಕ್ಕಿ ಹಾಡುಗಳನ್ನು ನೆನಪಿನಲ್ಲೇ ಇಟ್ಟುಕೊಂಡಿದ್ದರು. 2017ರಲ್ಲಿ ಪದ್ಮಶ್ರೀ ಬಂತು, 2025ರಲ್ಲಿ ತೀರಿಕೊಂಡರು. ಅಂಥ ಹಾಡು ಕೂತು ಕಲಿಯಲು ಈಗ ನೆಪ ಸಿಗುವುದಿಲ್ಲ. ಸೂಜಿ ಹಿಡಿದು ಎರಡು ತಾಸು ಒಂದೆಡೆ ಕೂತರೆ ಅದು ಸಿಗುತ್ತದೆ. ಮೊಬೈಲ್‌ನಲ್ಲಿ ಹಾಡನ್ನು ರೆಕಾರ್ಡ್ ಮಾಡಿಕೊಳ್ಳಿ, ಹಾಡುವವರನ್ನು ಕೇಳಿಯೇ.

ಒಬ್ಬೊಬ್ಬರ ಹೊಲಿಗೆ ಒಂದೊಂದು ಉದ್ದ ಇರುತ್ತದೆ. ಬಿಡಿ. ರಾತ್ರಿ ಕದ್ದು ಇನ್ನೊಬ್ಬರ ಹೊಲಿಗೆ ಬಿಚ್ಚಿ ನೆಟ್ಟಗೆ ಮಾಡುವವರು ಪ್ರತಿ ಸಂಘದಲ್ಲೂ ಒಬ್ಬರಿರುತ್ತಾರೆ. ಅವರಿಗೆ ಅಂಚಿನ ಕೆಲಸ ಒಪ್ಪಿಸಿ. ಅಲ್ಲಿ ನೆಟ್ಟಗಿರುವುದು ನಿಜಕ್ಕೂ ಬೇಕು.

ಸಿದ್ದಿ ಹೆಂಗಸರ ದಾರಿ

ಕವಂದಿಯಲ್ಲಿ ಇದು ಪೂರ್ತಿ ತಿರುಗುಮುರುಗು. ಅಲ್ಲಿ ಚೌಕ ಇಲ್ಲ, ಅಚ್ಚು ಇಲ್ಲ, ಕಚ್ಚಾ ಹೊಲಿಗೆಯ ಗೋಜಿಲ್ಲ. ಒಂದು ಹಳೇ ಸೀರೆ ಹಾಸಿ, ಅದರ ಅಂಚಿನಿಂದ ತುಂಡು ಹಚ್ಚುತ್ತಾ ಹೊರಡುತ್ತಾರೆ. ತುಂಡಿನ ಅಂಚನ್ನು ಒಳಕ್ಕೆ ಮಡಚಿ ರನ್ನಿಂಗ್ ಹೊಲಿಗೆ ಹಾಕುವುದು, ಪಕ್ಕಕ್ಕೆ ಇನ್ನೊಂದು ತುಂಡು ಸಿಗಿಸುವುದು. ಸುತ್ತು ಮುಗಿದರೆ ಅದರ ಒಳಗೆ ಇನ್ನೊಂದು ಸುತ್ತು. ಹೀಗೆ ನಡುವಿಗೆ ಬಂದು ಮುಟ್ಟಿದರೆ ಕವಂದಿ ಮುಗಿಯಿತು. ತುಂಡು ಹಚ್ಚುವ ಹೊಲಿಗೆಯೇ ಪದರ ಸೇರಿಸುವ ಹೊಲಿಗೆ. ತುಂಡನ್ನು ಆಗಾಗಲೇ ಕೂರಿಸುವುದರಿಂದ ಸಡಿಲದ ಸಮಸ್ಯೆಯೂ ಇಲ್ಲ. ನಾಲ್ಕು ಮೂಲೆಗೆ ಮಡಚಿದ ಬಟ್ಟೆಯ ‘ಫುಲ’ (ಹೂವು) ಇರಲೇಬೇಕು, ಇಲ್ಲದಿದ್ದರೆ ಬೋಳು ಅನ್ನುತ್ತಾರೆ. ಕ್ರೈಸ್ತ ಸಿದ್ದಿಯರ ಕೆಲವು ಕವಂದಿಗಳಲ್ಲಿ ಶಿಲುಬೆ, ಮುಸ್ಲಿಂ ಸಿದ್ದಿಯರದ್ದರಲ್ಲಿ ಅರ್ಧಚಂದ್ರ ಕಾಣುತ್ತದೆ. ಆಫ್ರಿಕಾದಿಂದ ಪೋರ್ಚುಗೀಸರ ಕಾಲದಲ್ಲಿ ಗೋವಾಕ್ಕೆ ಬಂದವರ ಮೂಲದ ಈ ಸಮುದಾಯಕ್ಕೆ ನಮ್ಮ ಜಿಲ್ಲೆಯಲ್ಲಿ 2003ರಲ್ಲಿ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿತು.

ನಿಮ್ಮ ಸಂಘದಲ್ಲಿ ಸಿದ್ದಿ ಹೆಂಗಸರಿದ್ದರೆ ಅವರ ಕೈಗೆ ಚೌಕದ ಅಚ್ಚು ಕೊಡಬೇಡಿ. ಒಂದು ಸೀರೆ ಕೊಟ್ಟು ನೀವು ಪಕ್ಕದಲ್ಲಿ ಕೂತು ಕಲಿಯಿರಿ. ಕಲಿತ ಮೇಲೆ ನೀವು ಹೊಲಿದದ್ದನ್ನು ‘ಸಿದ್ದಿ ಕೌದಿ’ ಅಂತ ಮೇಳದಲ್ಲಿ ಮಾರುವುದು ಮಾತ್ರ ಸರಿಯಲ್ಲ. ಆ ಹೆಸರಿನ ಕಾಸು ಅವರಿಗೆ ಹೋಗಬೇಕು.

ಅಂಚು, ಆಮೇಲೆ ಕೌದಿ ಯಾರದ್ದು

ಒಳಗಿನ ಹೊಲಿಗೆ ಮುಗಿದ ಮೇಲೆ ಮೇಲಿನ ಮತ್ತು ಒಳಗಿನ ಪದರಗಳನ್ನು ನೇರಕ್ಕೆ ಕತ್ತರಿಸಿ. ಹಿಂಬದಿಯ ಹೆಚ್ಚುವರಿ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಮುಂದಕ್ಕೆ ತಂದು ಹೆಮ್ಮಿಂಗ್ ಹಾಕಿ. ಮೂಲೆಯನ್ನು ಮೊದಲು ಓರೆಗೆ ಮಡಚಿ, ಆಮೇಲೆ ಎರಡೂ ಬದಿ ತನ್ನಿ. ಅಂಚಿಗೆ ಎರಡು ಸಾಲು ಹೊಲಿಗೆ ಹಾಕಿ. ಕೌದಿ ಎಳೆದಾಡುವುದು ಅಲ್ಲಿಂದಲೇ.

ಕೌದಿ ಮುಗಿದ ದಿನವೇ ಒಂದು ಪ್ರಶ್ನೆ ಏಳುತ್ತದೆ: ಇದು ಯಾರ ಮನೆಯಲ್ಲಿ ಇರುವುದು? ಶುರು ಮಾಡುವ ಮೊದಲೇ ತೀರ್ಮಾನ ಮಾಡಿಕೊಳ್ಳಿ. ಚೀಟಿ ಎತ್ತಿ ಒಬ್ಬರಿಗೆ ಕೊಡುವುದು, ಮುಂದಿನ ವರ್ಷದ ಕೌದಿ ಇನ್ನೊಬ್ಬರಿಗೆ. ಇಲ್ಲವೇ ಊರಲ್ಲಿ ಆ ವರ್ಷ ಹೆರಿಗೆಯಾದ ಮನೆಗೆ. ಪಂಚಾಯ್ತಿ ಗೋಡೆಗೆ ಗಾಜು ಹಾಕಿ ತೂಗುಹಾಕೋಣ ಅಂತ ಯಾರೋ ಹೇಳಿಯೇ ಹೇಳುತ್ತಾರೆ. ನನಗೆ ಅದು ಒಂಚೂರೂ ಒಪ್ಪಿಗೆಯಿಲ್ಲ. ಗದ್ದೆಯಲ್ಲಿ ದುಡಿದ ಬಟ್ಟೆ ಗಾಜಿನೊಳಗೆ ಏನು ಮಾಡುತ್ತದೆ? ಮಾರುವ ಆಸೆ ಇದ್ದರೆ ಎರಡನೇ ಕೌದಿಯಿಂದ ಮಾರಿ. ಆಗ ಎಲ್ಲರ ತಾಸುಗಳನ್ನು ಪುಸ್ತಕದಲ್ಲಿ ಬರೆದಿಡಿ. ಅಡಿಕೆ ಸುಲಿಯಲು ಹೋದರೆ ಸಿಗುವ ಕೂಲಿಗಿಂತ ಕಡಿಮೆ ಬೀಳುವ ಬೆಲೆಗೆ ಕೊಡಬೇಡಿ.

ಒಗೆಯುವುದು ವರ್ಷಕ್ಕೆ ಎರಡು ಸಲ ಸಾಕು, ದೀಪಾವಳಿ ಆದ ಮೇಲೊಮ್ಮೆ, ಮೇ ತಿಂಗಳಲ್ಲಿ ಒಮ್ಮೆ. ಬ್ರಶ್ ಹಾಕಬೇಡಿ, ಕಾಲಲ್ಲಿ ತುಳಿಯಿರಿ. ನೆನೆದ ಕೌದಿ ಒಬ್ಬರಿಗೆ ಎತ್ತಲಾಗುವುದಿಲ್ಲ. ಇಬ್ಬರು ಎರಡು ಕಡೆ ಹಿಡಿದು ಹಿಂಡಿ, ಬೇಲಿಯ ಮೇಲಲ್ಲ, ಹುಲ್ಲಿನ ಮೇಲೆ ಹರಡಿ, ಎರಡೂ ಮೈಗೆ ಬಿಸಿಲು ಕೊಡಿ. ಮಳೆಗಾಲಕ್ಕೆ ಎತ್ತಿಡುವುದಾದರೆ ಒಣಗಿದ ಲಕ್ಕಿ ಸೊಪ್ಪನ್ನು ಮಡಿಕೆಗಳ ನಡುವೆ ಹಾಕಿ, ಹತ್ತಿ ಬಟ್ಟೆಯಲ್ಲಿ ಕಟ್ಟಿ. ಪ್ಲಾಸ್ಟಿಕ್ ಚೀಲ ಬೇಡ, ಒಳಗೆ ಬೆವರುತ್ತದೆ. ಹರಿದ ಕಡೆ ಚೌಕ ಬಿಚ್ಚಲು ಹೋಗಬೇಡಿ, ಅದರ ಮೇಲೆಯೇ ಇನ್ನೊಂದು ತುಂಡು ಹಚ್ಚಿ, ಆ ತುಂಡಿಗೂ ಹಚ್ಚಿದವರ ಗುರುತು ಇರಲಿ. ಮೊದಲು ಸವೆಯುವುದು ತಲೆಯ ಕಡೆಯ ಅಂಚು. ಅದಕ್ಕೆ ಬೇಕಾಗುತ್ತದೆ ಅಂತಲೇ ಮೊದಲು ಉಳಿದ ಒಂದೂವರೆ ಮೀಟರ್ ಸೀರೆಯಲ್ಲಿ ಒಂದು ಪಟ್ಟಿಯನ್ನು ಕೌದಿಯ ಜೊತೆಗೇ ಮಡಚಿಟ್ಟುಬಿಡಿ.